ರುಮಾಲು ಬಿಚ್ಚದ ವಾರಸುದಾರರು

ಯಾರಾದರೂ ತೀರಿಕೊಂಡ ಮೇಲೆ ಆಸ್ತಿಯ ವಿಷಯ ಕೇಳಲು ಜನ ನನ್ನ ಬಳಿ ಬರುತ್ತಾರೆ. ನಾನು ವಕೀಲನಲ್ಲ. ಬೆಳಗಾವಿಯಲ್ಲಿ ಕಾನೂನು ಓದಿ ಮುಗಿಸಿದೆ, ಆದರೆ ಕರಿ ಕೋಟು ತೊಡಲಿಲ್ಲ. ಚಿಕ್ಕೋಡಿಯ ಕಾಲೇಜೊಂದರಲ್ಲಿ ಪಾಠ ಹೇಳಿಕೊಂಡು ಉಳಿದೆ. ನಮ್ಮ ಕಡೆಯವರಿಗೆ ಈ ವ್ಯತ್ಯಾಸ ದೊಡ್ಡದಲ್ಲ. ಫೀಸು ಕೇಳದ ವಕೀಲ ಸಿಕ್ಕರೆ ಅವನಿಗೆ ಸನದು ಇದೆಯೇ ಎಂದು ಯಾರು ನೋಡುತ್ತಾರೆ? ನಾಮಿನಿ ಎಂದು ಹೆಸರಿರುವವನೇ ಮಾಲೀಕನಾಗುತ್ತಾನೆಯೇ, ಮೃತ್ಯುಪತ್ರಕ್ಕೆ ಛಾಪಾ ಕಾಗದ ಬೇಕೇ, ಮದುವೆ ಮಾಡಿಕೊಟ್ಟ ಮಗಳಿಗೆ ಪಾಲು ಬರುತ್ತದೆಯೇ ಎಂದೆಲ್ಲ ಕೇಳುತ್ತಾರೆ. ತಿಳಿದಷ್ಟು ಹೇಳುತ್ತೇನೆ. ಆದರೆ ಹೇಳುವ ಮೊದಲು ನಾನೂ ಒಂದು ಪ್ರಶ್ನೆ ಕೇಳುತ್ತೇನೆ.

"ಕಚೇರಿಗೆ ಹೆಂಗ ಹೋಗವರ ಅದೀರಿ? ಎಲ್ಲಾರೂ ಕೂಡಿ ಒಂದ ಗಾಡ್ಯಾಗ?"

ಬಂದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮೇಷ್ಟರಿಗೆ ಓದು ಸ್ವಲ್ಪ ಹೆಚ್ಚಾಗಿದೆ ಎಂದುಕೊಳ್ಳುತ್ತಾರೆ. ಅವರಿಗೆ ನಗು ಬರುತ್ತದೆ. ನನಗೆ ಕಾಲಿನ ಹಿಮ್ಮಡಿ ತಣ್ಣಗಾಗುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ನನ್ನ ತಾಯಿಯ ತವರು ಐನಾಪುರದ ಕಡೆ, ಕೃಷ್ಣೆಯ ದಂಡೆಯ ಮೇಲಿನ ಒಂದು ಊರು. ಆಗ ಕಾಗವಾಡ, ಐನಾಪುರ ಎಲ್ಲ ಅಥಣಿ ತಾಲೂಕಿನಲ್ಲೇ ಇದ್ದವು. ಹೊಳೆ ದಾಟಿದರೆ ರಾಯಬಾಗ ತಾಲೂಕು. ತಾಯಿಗೆ ಮೂವರು ಒಡಹುಟ್ಟಿದವರು. ನನ್ನ ಲೆಕ್ಕದಲ್ಲಿ ದೊಡ್ಡ ಮಾಮಾ, ನಡುವಿನ ಮಾಮಾ, ಸಣ್ಣ ಮಾಮಾ. ಅಜ್ಜ ಬದುಕಿದ್ದಾಗಲೇ ಹೊಲ ಹಂಚಿ, ಈ ದಂಡೆಯದನ್ನು ದೊಡ್ಡವರಿಬ್ಬರಿಗೆ, ಆಚೆ ದಂಡೆಯ ನಾಲ್ಕು ಎಕರೆ ಕಬ್ಬಿನ ಹೊಲವನ್ನು ಸಣ್ಣವನಿಗೆ ಕೊಟ್ಟುಹೋಗಿದ್ದ. ಆಚೆ ದಂಡೆಯ ಮಣ್ಣು ಚೆನ್ನಾಗಿದೆ ಎಂದು ಅಜ್ಜ ಸತ್ತ ಮೇಲೆ ಗೊತ್ತಾಯಿತು. ಅಂದಿನಿಂದ ದೊಡ್ಡವರಿಬ್ಬರೂ ಹೊಳೆಯ ಕಡೆ ಮುಖ ಮಾಡಿ ನಿಟ್ಟುಸಿರು ಬಿಡುವುದನ್ನು ರೂಢಿ ಮಾಡಿಕೊಂಡಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಸಣ್ಣ ಮಾಮಾ ಕಾಮಾಲೆಯಾಗಿ ತೀರಿಕೊಂಡ. ಮಕ್ಕಳಿರಲಿಲ್ಲ. ಹಿಂದೆ ಉಳಿದವರು ಇನ್ನೂ ಮೂವತ್ತು ತುಂಬದ ಅವನ ಹೆಂಡತಿ, ಅಂದರೆ ನನ್ನ ಸಣ್ಣ ಮಾಮಿ. ಮತ್ತು ಅವನ ತಾಯಿ, ನನ್ನ ಆಯಿ. ಮಾಮಿಯ ತವರು ನಿಪ್ಪಾಣಿ. ಅಲ್ಲಿ ಅವಳ ತಾಯಿ, ತಂಗಿಯರು ತಂಬಾಕಿನ ವಖಾರಿಯಲ್ಲಿ ಕೂತು ಎಲೆ ಬಿಡಿಸುತ್ತಿದ್ದರು. ಹೊಲ ಕೈಬಿಟ್ಟರೆ ಅವಳಿಗೂ ಅದೇ ವಖಾರಿ, ಅದೇ ಕೆಮ್ಮು. ಇದು ಅವಳಿಗೂ ಗೊತ್ತಿತ್ತು, ಆಯಿಗೂ ಗೊತ್ತಿತ್ತು, ಮಾಮಾಂದಿರಿಗೂ ಗೊತ್ತಿತ್ತು.

ನಾನಾಗ ಕಾನೂನಿನ ಎರಡನೆಯ ವರ್ಷದಲ್ಲಿದ್ದೆ. ಮಕ್ಕಳಿಲ್ಲದ ಗಂಡಸು ಮೃತ್ಯುಪತ್ರ ಬರೆಯದೆ ಸತ್ತರೆ ಅವನ ಆಸ್ತಿ ಹೆಂಡತಿಗೂ ತಾಯಿಗೂ ಸಮನಾಗಿ ಹೋಗುತ್ತದೆ, ಅವರು ಇರುವಾಗ ಅಣ್ಣಂದಿರಿಗೆ ಏನೂ ಇಲ್ಲ ಎಂಬುದು ನಮಗೆ ಅದೇ ತಾನೇ ಪಾಠವಾಗಿತ್ತು. ಇಷ್ಟು ಚಿಕ್ಕ ಸಂಗತಿ. ಹೇಳಿದರೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ನಮ್ಮ ಮನೆಯಲ್ಲಿ ಕಾಯದೆಗಿಂತ ಮೊದಲು ರುಮಾಲು ಬಂದಿತ್ತು.

ದಿನದ ಕಾರ್ಯದಂದು, ಅಂದರೆ ತಿಥಿಯಂದು, ಬೀಗರು ಬಂದು ಸತ್ತವನ ಜಾಗದಲ್ಲಿ ನಿಲ್ಲುವವನಿಗೆ ಹೊಸ ರುಮಾಲು ಸುತ್ತುವುದು ನಮ್ಮಲ್ಲಿ ಪದ್ಧತಿ. ಮಗನಿದ್ದರೆ ಮಗನಿಗೆ. ಇಲ್ಲಿ ಮಗನಿಲ್ಲ. ದೊಡ್ಡ ಮಾಮಾನ ಮಾವನ ಮನೆಯವರು ಅಥಣಿಯಿಂದ ಬಿಳಿ ರುಮಾಲು ತಂದು ಅವನಿಗೆ ಸುತ್ತಿದರು. ಅದು ಮುಗಿಯುವ ಮೊದಲೇ ನಡುವಿನ ಮಾಮಾನ ಬೀಗರು ರಾಯಬಾಗದಿಂದ ಕೇಸರಿ ರುಮಾಲು ತಂದು ಅವನಿಗೂ ಸುತ್ತಿದರು. ಕುಡಚಿಯಿಂದ ಬಂದಿದ್ದ ಫೋಟೋದವನು ಇಬ್ಬರದ್ದೂ ಬೇರೆ ಬೇರೆ ಫೋಟೋ ಹೊಡೆದ. ಅಲ್ಲಿಗೆ ನಾಲ್ಕು ಎಕರೆಗೆ ಇಬ್ಬರು ವಾರಸುದಾರರಾದರು. ರುಮಾಲು ಸುತ್ತಿಸಿಕೊಂಡವನೇ ವಾರಸಾ ಎಂಬ ನಂಬಿಕೆ ಇಬ್ಬರಲ್ಲೂ ಎಷ್ಟು ಗಟ್ಟಿಯಾಗಿತ್ತೆಂದರೆ, ಮೊದಲು ತಲೆಯಿಂದ ತೆಗೆದವನು ಹಕ್ಕು ಬಿಟ್ಟಂತೆ ಎಂದು ಇನ್ನೊಬ್ಬ ಹೇಳಿಯಾನೆಂಬ ಭಯದಲ್ಲಿ ಯಾರೂ ತೆಗೆಯಲಿಲ್ಲ. ಊಟಕ್ಕೆ ರುಮಾಲು, ಗದ್ದೆಗೆ ರುಮಾಲು. ಮಲಗುವಾಗಲೂ ಸುತ್ತಿಕೊಂಡೇ ಮಲಗುತ್ತಾರೆಂದು ಆಯಿ ಹೇಳಿದಾಗ ನಾನು ನಂಬಲಿಲ್ಲ. ಆಮೇಲೆ ಕಣ್ಣಾರೆ ಕಂಡೆ. ಜಗುಲಿಯ ಆ ತುದಿಗೊಂದು, ಈ ತುದಿಗೊಂದು ರುಮಾಲು ಗೊರಕೆ ಹೊಡೆಯುತ್ತಿದ್ದವು.

ದೊಡ್ಡ ಮಾಮಾ ನನ್ನನ್ನು ಬೆಳಗಾವಿಯಿಂದ ಕರೆಸಿಕೊಂಡಿದ್ದ. ಮನೆಯಲ್ಲೇ ವಕೀಲನೊಬ್ಬ ತಯಾರಾಗುತ್ತಿರುವಾಗ ಹೊರಗಿನವನ ಕಾಲು ಯಾಕೆ ಹಿಡಿಯಬೇಕು ಎಂಬುದು ಅವನ ವಿಚಾರ. ಜಗುಲಿಯ ಮೇಲೆ ಕೂರಿಸಿ ಕೇಳಿದ.

"ಅಂವ ಸಾಯೂ ಮುಂದ ನನಗ ಹೇಳ್ಯಾನಪಾ. 'ಅಣ್ಣಾ, ಹೊಲ ನೀನ ನೋಡ್ಕೊ' ಅಂತ. ಇದು ಮೃತ್ಯುಪತ್ರ ಆತಿಲ್ಲೊ?"

"ಬರದಿದ್ದ ಇರಬೇಕು ಮಾಮಾ. ಇಬ್ಬರು ಸಾಕ್ಷಿದಾರರ ಸಹಿ ಇರಬೇಕು."

"ಸಾಕ್ಷಿಗೇನ ಬರಾ ಐತಿ? ಹತ್ತ ಮಂದಿ ಕೊಡತೀನಿ."

"ಸಾಕ್ಷಿ ಆಮ್ಯಾಲ. ಮೊದಲ ಪತ್ರ ಬೇಕಲ್ಲಾ?"

"ಸಾಕ್ಷಿ ತಯಾರ ಅದಾರ, ಪತ್ರ ಇಲ್ಲ ಅಂದ್ರ ಅದೆಂಥಾ ಕಾಯ್ದೆಪಾ?"

ಆಚೆ ತುದಿಯಿಂದ ನಡುವಿನ ಮಾಮಾ ನಕ್ಕ. "ನನಗೂ ಹಂಗ ಹೇಳಿದ್ದ. 'ನೀನ ನೋಡ್ಕೊ' ಅಂತ."

"ನಿನಗ ಹೇಳಿದ್ದು ಎತ್ತಿನ ವಿಷಯಲೇ."

ಮರುದಿನ ನಡುವಿನ ಮಾಮಾ ನನ್ನನ್ನು ದನದ ಗೋದಲಿಯ ಹಿಂದೆ ಕರೆದೊಯ್ದ. ಅವನ ಪ್ರಶ್ನೆ ಬೇರೆ. "ಅಕಿ ನಾಳೆ ಉಡಿಕಿ ಆದ್ಲು ಅಂದ್ರ? ಇನ್ನೊಬ್ಬನ ಮನಿಗಿ ಹೋದ ಮ್ಯಾಲೂ ನಮ್ಮ ತಮ್ಮನ ಹೊಲ ತಿಂತಾಳೇನು?"

ಗಂಡ ಸತ್ತ ಕ್ಷಣವೇ ಹೊಲದ ಅರ್ಧ ಅವಳದಾಗಿದೆ, ಆಮೇಲೆ ಮರುಮದುವೆ ಆದರೂ ಹೋಗುವುದಿಲ್ಲ ಎಂದೆ. ಅವನು, "ಇದನ್ನ ಓದಾಕ ಬೆಳಗಾವಿತನ ಹೋಗಿದ್ಯೇನೊ?" ಎಂದ. ನಾನು ಓದಿದ ಕಾಲೇಜಿನ ಬಗ್ಗೆ ಅವನಿಗಿದ್ದ ಗೌರವ ಅಂದೇ ಹೋಯಿತು.

ನನ್ನನ್ನು ನಂಬದೆ ಇಬ್ಬರೂ, ಒಬ್ಬರಿಗೊಬ್ಬರು ಹೇಳದೆ, ಚಿಕ್ಕೋಡಿಯ ಒಬ್ಬರೇ ವಕೀಲರ ಬಳಿ ಹೋಗಿ ಬಂದರು. ಸತ್ತ ಮೇಲೆ ಕೋರ್ಟಿನಿಂದ ಪ್ರೊಬೇಟು ತಂದರೆ ಎಲ್ಲ ಸರಿಹೋಗುತ್ತದೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರಂತೆ. ವಕೀಲರು, "ಪ್ರೊಬೇಟು ಅಂದ್ರ ಮೃತ್ಯುಪತ್ರ ಖರೇ ಐತಿ ಅಂತ ಕೋರ್ಟು ಹಾಕೂ ಶಿಕ್ಕಾ, ಮುದ್ರೀರಿ. ಪತ್ರನ ಇಲ್ಲ ಅಂದ್ರ ಶಿಕ್ಕಾ ನಿಮ್ಮ ಹಣಿಗಿ ಹಾಕಬೇಕೇನು?" ಎಂದರಂತೆ. ಕಡೆಗೆ ಅವರೇ ದಾರಿ ಹೇಳಿಕೊಟ್ಟರು. ಆ ಹೆಣ್ಣುಮಗಳು ರಾಯಬಾಗದ ನೋಂದಣಿ ಕಚೇರಿಗೆ ಬಂದು ಹಕ್ಕು ಬಿಟ್ಟೆ ಎಂದು ಸಹಿ ಮಾಡಿದರೆ ಸಾಕು, ಮುದುಕಿಯ ಹೆಬ್ಬೆಟ್ಟನ್ನೂ ಅಲ್ಲೇ ಒತ್ತಿಸಿ ಎಂದರು.

ಹೀಗೆ ಸಹಿ ಮಾಡಿದವಳಿಗೆ ಸೀರೆ ಕುಬಸ ಕೊಟ್ಟು, ಹೋಳಿಗೆ ಊಟ ಹಾಕಿ ಕಳಿಸುವುದೂ ನಮ್ಮಲ್ಲಿ ಪದ್ಧತಿಯೇ. ನಾಲ್ಕು ಎಕರೆ ಒಂದು ಕಡೆ, ಒಂದು ಸೀರೆ ಇನ್ನೊಂದು ಕಡೆ. ಈ ತಕ್ಕಡಿ ಯಾರಿಗೂ ಓರೆಯಾಗಿ ಕಂಡದ್ದಿಲ್ಲ. ಮಾಮಾಂದಿರು ಅದರಲ್ಲೂ ಜಾಣರು. ವಕೀಲರ ಗುಟ್ಟು ಬಯಲಾದಾಗ ಇಬ್ಬರೂ ಕೂತು, ಸೀರೆಯನ್ನು ಸಹಿಯಾದ ಮೇಲೆ ರಾಯಬಾಗದ ಪೇಟೆಯಲ್ಲಿ ಕೊಳ್ಳುವುದು ಎಂದು ನಿಶ್ಚಯಿಸಿದರು. ಮೊದಲೇ ಕೊಟ್ಟರೆ ಅವಳು ಸೀರೆ ಉಟ್ಟುಕೊಂಡು ಸಹಿ ಮಾಡದೆ ಕೂತಾಳು.

ಅವಸರಕ್ಕೂ ಕಾರಣವಿತ್ತು. ನಾಗಪಂಚಮಿ ಹತ್ತಿರ ಬಂದಿತ್ತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ನನ್ನ ತಾಯಿಯೂ ಬರುವವಳಿದ್ದಳು. ಹೆಣ್ಣುಮಕ್ಕಳು ಜೋಕಾಲಿ ಕಟ್ಟಿಕೊಂಡು ಕೂತರೆ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ, ಮಾಮಿಗೆ ಯಾರಾದರೂ ಏನಾದರೂ ತಲೆಗೆ ತುಂಬುತ್ತಾರೆ. ಪಂಚಮಿಗೆ ಮೊದಲೇ ಮುಗಿಸಬೇಕು.

ಪಂಚಮಿ ಬರುವುದು ಶ್ರಾವಣದಲ್ಲಿ. ಶ್ರಾವಣದ ಕೃಷ್ಣೆಯನ್ನು ನೋಡದವರಿಗೆ ಹೇಳುವುದು ಕಷ್ಟ. ನಮ್ಮ ಊರಲ್ಲಿ ಬಿಸಿಲು ಇರುತ್ತದೆ, ಮಳೆ ಎಲ್ಲೋ ಘಟ್ಟದಲ್ಲಿ ಬೀಳುತ್ತದೆ, ನೀರು ಮಾತ್ರ ನಮ್ಮ ಬಾಗಿಲಿಗೆ ಬರುತ್ತದೆ. ಕುಡಚಿಯ ಕಡೆಯ ಸೇತುವೆ ಮುಳುಗಿ ಬಸ್ಸು ನಿಂತಿತ್ತು. ಉಳಿದದ್ದು ದೋಣಿ.

ನೀರು ಇಳಿಯುವವರೆಗೆ ಕಾಯಬಹುದಿತ್ತು. ಅಥವಾ ಒಬ್ಬ ಮಾಮಾ ಹೋಗಿ ಇನ್ನೊಬ್ಬ ಉಳಿಯಬಹುದಿತ್ತು. ಆದರೆ ಒಬ್ಬನೇ ಮಾಮಿಯನ್ನು ಕರೆದೊಯ್ದರೆ ಹೊಲವನ್ನು ತನ್ನೊಬ್ಬನ ಹೆಸರಿಗೆ ಬಿಡಿಸಿಕೊಂಡಾನು. ಎರಡು ಸಲ ದೋಣಿ ಬಿಟ್ಟರೆ ಮೊದಲು ದಾಟಿದವನು ಮೊದಲು ಕಚೇರಿ ಮುಟ್ಟಿಯಾನು. ಆದ್ದರಿಂದ ನಾಲ್ಕು ಎಕರೆಗೆ ಸಂಬಂಧಪಟ್ಟ ಎಲ್ಲ ಜೀವಗಳೂ, ಒಂದನ್ನೊಂದು ಕಾಯುವ ಸಲುವಾಗಿ, ಒಂದೇ ದೋಣಿಯಲ್ಲಿ ಕೂತವು.

ಅಂಬಿಗ ಮೊದಲು ಒಪ್ಪಲಿಲ್ಲ. ನೀರು ನೋಡಿ ತಲೆಯಾಡಿಸಿದ. ದೊಡ್ಡ ಮಾಮಾ ನನ್ನ ಹೆಗಲ ಮೇಲೆ ಕೈಯಿಟ್ಟು, "ಇಂವ ನಮ್ಮ ವಕೀಲ. ದಾಟಿಸಿದಿ ಅಂದ್ರ ನಿನ್ನ ದೋಣಿದೂ ನೋಡತಾನ" ಎಂದ. ಅಂಬಿಗನ ಮುಖ ಅರಳಿತು. ತಂದೆ ಸತ್ತ ಮೇಲೆ ಅಂಬಿಗ ಮತ್ತು ಅವನಣ್ಣ ದೋಣಿಯನ್ನು ಹಂಚಿಕೊಂಡಿದ್ದರು. ಮುಂದಿನ ಅರ್ಧ ಇವನದು, ಹಿಂದಿನ ಅರ್ಧ ಅಣ್ಣನದು. ಇದು ನಡೆಯುತ್ತದೆಯೇ ಎಂದು ಅವನ ಪ್ರಶ್ನೆ. ನೋಡೋಣ, ಆಚೆ ದಂಡೆಯಲ್ಲಿ ಹೇಳುತ್ತೇನೆ ಎಂದೆ.

ಮಾಮಾಂದಿರು ಮುಂದೆ, ಒಬ್ಬ ಈ ಬದಿ, ಒಬ್ಬ ಆ ಬದಿ. ನಾನು ನಡುವೆ. ಹಿಂದೆ ಆಯಿ ಮತ್ತು ಮಾಮಿ. ತಮ್ಮನ ಹೆಂಡತಿ ಗಂಡನ ಅಣ್ಣಂದಿರ ಜೊತೆ ನೇರ ಮಾತಾಡುವಂತಿಲ್ಲ, ಅವರೂ ಅವಳೊಡನೆ ಆಡುವಂತಿಲ್ಲ. ಹೇಳುವುದಿದ್ದರೆ ನಡುವೆ ಒಬ್ಬರು ಬೇಕು. ಮದುವೆಯಾಗಿ ಬಂದಾಗಿನಿಂದ ಮಾಮಿ ಭಾವಂದಿರ ಎದುರು ಬಾಯಿ ತೆರೆದಿರಲಿಲ್ಲ. ಹಕ್ಕು ಬಿಡು ಎಂಬುದನ್ನೂ ಅವಳಿಗೆ ಅವರು ಹೇಳಿದ್ದು ಗೋಡೆಗೆ ಹೇಳಿದಂತೆ, ನನ್ನ ಮುಂದೆ. "ಅಕಿಗೆ ಹೇಳು, ರಾಯಬಾಗಕ್ಕ ಹೋಗೂದೈತಿ ಅಂತ." ಅವಳು ಸೆರಗು ಹೊದ್ದು ಬಂದು ಕೂತಿದ್ದಳು. ಸಹಿ ಮಾಡುತ್ತಾಳೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ.

ದಂಡೆ ಬಿಟ್ಟ ಮೇಲೆ ಹೊಳೆ ಎಷ್ಟು ಅಗಲವೆಂದು ತಿಳಿಯಿತು. ನೀರಿನ ಬಣ್ಣ ಬೆಲ್ಲದ ಪಾಕದಂತೆ. ಬೇರುಸಹಿತ ಕಿತ್ತ ಜಾಲಿಯ ಮರವೊಂದು ನಮ್ಮ ಪಕ್ಕದಲ್ಲೇ ತಿರುಗುತ್ತ ಹೋಯಿತು. ನನಗೆ ಈಜು ಬರುವುದಿಲ್ಲ. ಆಗಲೂ ಬರುತ್ತಿರಲಿಲ್ಲ. ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಹಿಂದೆ ಆಯಿ ಮಾಮಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಅದೇನೆಂದು ಕೇಳಲು ನಡುವಿನ ಮಾಮಾ ಹಿಂದಕ್ಕೆ ಬಗ್ಗಿದ. ಅವನೊಬ್ಬನೇ ಕೇಳಿಸಿಕೊಂಡಾನೆಂದು ದೊಡ್ಡ ಮಾಮಾನೂ ಅದೇ ಬದಿಗೆ ಬಗ್ಗಿದ. ದೋಣಿ ಒಮ್ಮೆಗೇ ವಾಲಿ, ಅಂಚು ನೀರಿಗೆ ತಾಗಿ, ಮತ್ತೆ ಎದ್ದಿತು.

"ಅಲ್ಲಾಡಬ್ಯಾಡ್ರೋ ಯಪ್ಪಾ!" ಎಂದು ಅಂಬಿಗ ಕೂಗಿದ.

ನಡುಹೊಳೆಯಲ್ಲಿ ಮಾಮಿ ನನ್ನ ಬೆನ್ನು ತಟ್ಟಿದಳು. "ಭಾವಾರಿಗೆ ಹೇಳಪಾ, ಇಲ್ಲಿ ನೀರ ಬರಾಕತ್ತೈತಿ."

ಹೇಳಿದೆ. ದೊಡ್ಡ ಮಾಮಾ ತಿರುಗಲಿಲ್ಲ. "ಹೊಳಿಯಾಗ ನೀರ ಬರಲಾರದ ಹಾಲ ಬರತೈತೇನಂತ ಕೇಳು."

ನಾನು ಕೇಳಲಿಲ್ಲ, ಹಿಂದೆ ನೋಡಿದೆ. ಎರಡು ಹಲಗೆಗಳು ಕೂಡುವ ಕಡೆ ನೀರು ಚಿಲುಮೆಯ ಹಾಗೆ ಉಕ್ಕುತ್ತಿತ್ತು. ಆಯಿಯ ಪಾದಗಳು ಆಗಲೇ ಮುಳುಗಿದ್ದವು. ಆ ಸದ್ದು ದೊಡ್ಡದೇನಲ್ಲ, ಕೊಡ ತುಂಬುವಾಗ ಕಡೆಕಡೆಗೆ ಬರುವ ಗುಳುಗುಳು ಸದ್ದು. ಇಂದಿಗೂ ಮನೆಯಲ್ಲಿ ಬಕೆಟ್ಟು ತುಂಬುವಾಗ ನಾನು ಎದ್ದು ಹೋಗಿ ನಲ್ಲಿ ನಿಲ್ಲಿಸುತ್ತೇನೆ.

ಅಂಬಿಗ ದೋಣಿಯ ಮೂತಿಯಿಂದಲೇ ಕತ್ತು ಚಾಚಿ ನೋಡಿ, ಒಂದು ರೀತಿಯ ಸಮಾಧಾನದಿಂದ, "ಅದು ನಮ್ಮಣ್ಣನ ಅರ್ಧದಾಗರಿ" ಎಂದ.

"ಯಾರ ಅರ್ಧ ಆದ್ರೇನೋ, ಮುಚ್ಚೋ!" ಎಂದು ನಡುವಿನ ಮಾಮಾ ಕೂಗಿದ.

"ಡಾಂಬರ ಹಚ್ಚಪಾ ಅಂತ ಹೋದ ವರ್ಷದಿಂದ ಬಡಕೊಳ್ಳಾಕತ್ತೀನ್ರಿ. ಅಂವ ಹಚ್ಚಂಗಿಲ್ಲ. ನಾ ಹಚ್ಚಿದ್ರ ನಾಳೆ ಅದೂ ನಂದ ಅಂತೀನಿ ಅಂತ ನನಗೂ ಹಚ್ಚಗೊಡಂಗಿಲ್ಲ." ಹೀಗೆ ಹೇಳಿ, ಹುಟ್ಟು ಬಿಡದೆ, "ಉದ್ದನ್ನ ಅರಬಿ ತುರಕ್ರಿ! ಗಟ್ಟಿ ಒತ್ತಿ ಹಿಡೀರಿ! ಜಲ್ದಿ!" ಎಂದು ಕೂಗಿದ.

ನಾನು ಅಂಗಿ ಬಿಚ್ಚಿ ಮಾಮಿಯ ಕೈಗೆ ಕೊಟ್ಟೆ. ಟೆರಿಲಿನ್ ಅಂಗಿ, ಬೆಳಗಾವಿಯಲ್ಲಿ ಅದಕ್ಕೆ ಬಹಳ ಬೆಲೆ. ಬಿರುಕು ಅದನ್ನು ಒಂದೇ ಉಸಿರಿಗೆ ಹೊರಗೆ ಉಗುಳಿತು. ಧೋತರ ಬಿಚ್ಚುವ ಮಾತು ಯಾರೂ ಆಡಲಿಲ್ಲ. ಎಲ್ಲರ ಕಣ್ಣೂ ಮುಂದಿನ ಎರಡು ತಲೆಗಳ ಮೇಲೆ ಹೋದವು. ಗಜಗಟ್ಟಲೆ ಉದ್ದದ, ದಪ್ಪ ಹತ್ತಿಯ, ಹೊಚ್ಚಹೊಸ ಎರಡು ರುಮಾಲು.

"ತಗಿ" ಎಂದ ದೊಡ್ಡ ಮಾಮಾ, ತಮ್ಮನಿಗೆ.

"ನೀ ತಗಿ. ನೀ ದೊಡ್ಡಾಂವ."

"ದೊಡ್ಡಾಂವ ಅಂತನ ನನಗ ಸುತ್ಯಾರ. ತಗ್ಯಾಕಲ್ಲ."

"ಹಂಗಾದ್ರ ನನಗೇನ ದಾರ್ಯಾಗ ಬಿದ್ದದ್ದ ಸುತ್ಯಾರೇನ?"

ಆಯಿ ಹಿಂದಿನಿಂದ ಚೀರಿದಳು. "ಏ ಭಾಡ್ಯಾಗೋಳ! ಹಡದ ತಾಯಿ ಮುಳಗಾಕತ್ತಾಳ!"

"ಅವ್ವಾ, ಅವಗ ಹೇಳ. ಅಂವ ತಗದ್ರ ನಾನೂ ತಗೀತೀನಿ" ಎಂದ ದೊಡ್ಡ ಮಾಮಾ.

ನೀರು ನನ್ನ ಹಿಮ್ಮಡಿ ದಾಟಿ ಮೇಲಕ್ಕೆ ಬರುತ್ತಿತ್ತು. ಒಪ್ಪಂದವೊಂದು ಬೇಕು ಎಂದು ನನಗೆ ಹೊಳೆಯಿತು. ಓದಿದವನಿಗೆ ಇಂಥ ಹೊತ್ತಿನಲ್ಲೂ ಒಪ್ಪಂದವೇ ಹೊಳೆಯುತ್ತದೆ. "ನಾ ಮೂರ ಅಂದ ಕೂಡಲೆ ಇಬ್ಬರೂ ತಗೀರಿ" ಎಂದೆ. ಇಬ್ಬರೂ ಒಪ್ಪಿದರು. ಒಂದು, ಎರಡು, ಮೂರು ಎಂದೆ. ಎರಡು ಜೊತೆ ಕೈಗಳು ಮೇಲೆದ್ದವು, ರುಮಾಲು ಮುಟ್ಟಿದವು, ಪಕ್ಕದವನ ಕೈ ನೋಡಿದವು, ಮತ್ತೆ ಕೆಳಗಿಳಿದವು.

ಆಗ ನನಗೆ ನಿಜವಾಗಿ ಸಾವು ಕಂಡಿತು. ಭಯದಲ್ಲಿ ಬಾಯಿಗೆ ಬಂದದ್ದು ದೇವರ ಹೆಸರಲ್ಲ, ಪಾಠ. "ಮಾಮಾ, ಎಲ್ಲಾರೂ ಕೂಡಿ ಮುಳಗಿದ್ರ ಕಾಯ್ದೆ ಏನ ಹೇಳತೈತಿ ಗೊತ್ತೇನ? ಯಾರ ಮೊದಲ ಸತ್ತರು ಅಂತ ತಿಳೀದಿದ್ರ, ವಯಸ್ಸಿಗಿ ದೊಡ್ಡವರು ಮೊದಲ ಸತ್ತರು, ಸಣ್ಣವರು ಆಮ್ಯಾಲ ಸತ್ತರು ಅಂತ ಹಿಡೀತಾರ. ಮೊದಲ ಆಯಿ. ಆಮ್ಯಾಲ ನೀನು. ಆಮ್ಯಾಲ ನಡುವಿನ ಮಾಮಾ. ಮಾಮಿ ನಿಮ್ಮೆಲ್ಲಾರ ಹಿಂದ. ಅಕೀ ಅರ್ಧ ಹೊಲಾ ತಗೊಳ್ಳಾಕ ನೀವಿಬ್ಬರೂ ಉಳದಿರೂದಿಲ್ಲ!"

ರುಮಾಲು ಬಿಚ್ಚಿಸಲು ಇದಕ್ಕಿಂತ ದೊಡ್ಡ ವಾದ ಯಾವ ಕೋರ್ಟಿನಲ್ಲಿ ಇದ್ದೀತು? ದೊಡ್ಡ ಮಾಮಾ ಹುಬ್ಬು ಗಂಟಿಕ್ಕಿ ಲೆಕ್ಕ ಹಾಕಿದ. ನಡುಹೊಳೆಯಲ್ಲಿ, ಮೊಳಕಾಲಿನ ತನಕ ನೀರಿನಲ್ಲಿ, ಅವನು ನಿಜವಾಗಿಯೂ ಲೆಕ್ಕ ಹಾಕಿದ. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದ.

"ಎಲ್ಲಾರಕಿಂತ ಸಣ್ಣಾಂವ ನೀನಲ್ಲೇನ? ಕಡೀಕ ಸಾಯಾಂವ ನೀನ. ಇದರಾಗ ನಿಂದೇನ ಹೂಟ ಐತಿ?"

"ಅದಕ್ಕ ಇಂವ ಮೊದಲಿಂದ ಅಕೀ ಕಡೆ ಮಾತಾಡಾಕತ್ತಾನ" ಎಂದ ನಡುವಿನ ಮಾಮಾ. ದಿನದ ಕಾರ್ಯ ಆದಾಗಿನಿಂದ ಅಣ್ಣತಮ್ಮಂದಿರು ಒಂದು ಮಾತಿಗೆ ಮನಸಾರೆ ಒಪ್ಪಿದ್ದು ಅದೇ ಮೊದಲು.

ದೋಣಿ ಸುಳಿಗೆ ಸಿಕ್ಕಿ ಅರ್ಧ ಸುತ್ತು ತಿರುಗಿತು. ಆಯಿ ಹಲಗೆಯಿಂದ ಜಾರಿದಳು. ಅವಳ ಬೆನ್ನು ಅಂಚಿನ ಮೇಲೆ, ತಲೆ ಹೊರಗೆ, ಬಿಳಿ ಕೂದಲು ನೀರಿನ ಮೇಲೆ ಹರಡಿತು. ನಾನು ಎದ್ದೆನೋ ಇಲ್ಲವೋ ನೆನಪಿಲ್ಲ. ಮಾಮಿ ಒಂದು ಕೈಯಿಂದ ಆಯಿಯ ಸೊಂಟ ಹಿಡಿದು ಒಳಗೆ ಎಳೆದಳು. ಅವಳ ಸೆರಗು ತಲೆಯಿಂದ ಜಾರಿ ನೀರಿಗೆ ಬಿದ್ದಿತ್ತು. ಮೊಳಕಾಲೂರಿ, ನನ್ನನ್ನು ದಾಟಿ, ಮುಂದೆ ಕೂತವರ ಮುಖಕ್ಕೇ ಕೂಗಿದಳು.

"ಭಾವಾ! ತಗೀರಿ ರುಮಾಲಾ! ಇಬ್ಬರೂ! ಒಗೀರಿ ಇಲ್ಲಿ!"

ಅವಳ ಧ್ವನಿ ಅಷ್ಟು ದಪ್ಪವಾಗಿದೆ ಎಂದು ನನಗೂ ಗೊತ್ತಿರಲಿಲ್ಲ. ಇಬ್ಬರೂ ಬೆಚ್ಚಿದರು. ಹೊಳೆಗೆ ಹೆದರದವರು, ನನ್ನ ಕಾಯದೆಗೆ ಹೆದರದವರು, ತಮ್ಮನ ಹೆಂಡತಿ ನೇರವಾಗಿ ಮಾತಾಡಿಸಿದ್ದಕ್ಕೆ ಹೆದರಿದರು. ಯಾರು ಮೊದಲು ತೆಗೆದರೋ ಇಂದಿಗೂ ತೀರ್ಮಾನವಾಗಿಲ್ಲ. ಬಿಳಿಯದೂ ಕೇಸರಿಯೂ ಒಟ್ಟಿಗೆ ನನ್ನ ಎದೆಗೆ ಬಂದು ಬಡಿದವು. ನಾನು ಹಿಂದಕ್ಕೆ ಕೊಟ್ಟೆ. ಮಾಮಿ ಎರಡನ್ನೂ ಹೊಸೆದು ಬಿರುಕಿಗೆ ಗಿಡಿದು, ಮೇಲೆ ಕೂತೇಬಿಟ್ಟಳು. ಅಂಬಿಗನ ತಗಡಿನ ಡಬ್ಬಿಯಿಂದ ನಾನು ನೀರು ಎತ್ತಿ ಎತ್ತಿ ಚೆಲ್ಲಿದೆ. ಎಷ್ಟು ಹೊತ್ತೋ ತಿಳಿಯದು. ಕೈ ನಿಲ್ಲಿಸಿದ್ದು ದೋಣಿಯ ಮೂತಿ ಯಾರದೋ ಕಬ್ಬಿನ ಗದ್ದೆಗೆ ನುಗ್ಗಿ, ಎರಡೂ ಬದಿ ಕಬ್ಬಿನ ಗರಿ ಕೆನ್ನೆ ಕೊಯ್ದಾಗ.

ಕೆಸರಿನಲ್ಲಿ 'ದಂಡೆ' ಎನ್ನುವಂಥದ್ದು ಸಿಕ್ಕಿದ ಮೇಲೆ ಎಲ್ಲರೂ ಕೂತೆವು. ಮಾಮಾಂದಿರು ಬರಿತಲೆಯಲ್ಲಿ ಕೂತಿದ್ದರು. ಒಬ್ಬನ ತಲೆ ಇನ್ನೊಬ್ಬ ನೋಡಿಕೊಂಡು, ಮುಂದೇನು ಎಂದು ತಿಳಿಯದೆ.

ದೊಡ್ಡ ಮಾಮಾ ಮೊದಲು ಚೇತರಿಸಿಕೊಂಡ. ನನ್ನ ಕಡೆ ನೋಡಿ, "ಅಕಿಗೆ ಹೇಳು, ಹಿಂಗ ಬರಿತಲೀಲೆ ಕಚೇರಿಗೆ ಹೋಗಾಕ ಬರೂದಿಲ್ಲ. ರುಮಾಲ ಒಣಗಿದ ಮ್ಯಾಲ ರಾಯಬಾಗಕ್ಕ ಹೋಗಿ ಸಹಿ ಮಾಡೂನು" ಎಂದ.

ನಾನು ಬಾಯಿ ತೆರೆಯುವ ಮೊದಲೇ ಮಾಮಿ ಸೆರಗು ಹಿಂಡುತ್ತ ಹೇಳಿದಳು. "ನನಗ ಕೇಳಸೈತ್ರಿ ಭಾವಾ. ನಾ ಸಹಿ ಮಾಡೂದಿಲ್ಲ."

"ಏನಂದ್ಲು?" ಎಂದು ಅವನು ನನ್ನನ್ನೇ ಕೇಳಿದ.

"ನಾನೂ ಒತ್ತೂದಿಲ್ಲ" ಎಂದಳು ಆಯಿ. "ನನ್ನ ಹಿಡದ ಎಳದದ್ದು ಅಕಿ. ನೀವು ಹಿಡದದ್ದು ನಿಮ್ಮ ತಲಿ."

ನಾವು ಇಳಿದ ಊರಿನ ಚಾವಡಿ ಅಲ್ಲಿಂದ ದೂರವಿರಲಿಲ್ಲ. ಹೊಲ ಇದ್ದದ್ದೂ ಅದೇ ಊರಿನ ಸರಹದ್ದಿನಲ್ಲಿ. ನಿಜವಾದ ವಾರಸುದಾರರಿಬ್ಬರೂ ಜೊತೆಗಿದ್ದರು. ನೋಂದಣಿ ಕಚೇರಿಯೇ ಬೇಕಿರಲಿಲ್ಲ, ಊರಿನ ಲೆಕ್ಕ ಇಡುವ ತಲಾಠಿಗೆ ವಾರಸಾ ವರದಿ ಕೊಟ್ಟರೆ ಸಾಕಿತ್ತು. ನಾನು ಇದನ್ನು ಹೇಳಿದಾಗ ಮಾಮಿ ಆಗಲೇ ಎದ್ದು ಆಯಿಯ ಕೈ ಹಿಡಿದಿದ್ದಳು. ಮಾಮಾಂದಿರು ಬರುತ್ತಾರೆಂದುಕೊಂಡೆ, ಬರಲಿಲ್ಲ. ರುಮಾಲು ದೋಣಿಯ ಬಿರುಕಿನಲ್ಲಿದ್ದವು. ಅಂಬಿಗ ಎಳೆಯಗೊಡುತ್ತಿರಲಿಲ್ಲ, ಅವನು ದೋಣಿ ವಾಪಸು ಒಯ್ಯಬೇಕು. ಒಬ್ಬ ಎದ್ದು ಹೋದರೆ ಇನ್ನೊಬ್ಬ ತನ್ನದನ್ನು ಬಿಡಿಸಿಕೊಂಡು ಸುತ್ತಿಕೊಂಡಾನೆಂದು ಇಬ್ಬರೂ ಅಲ್ಲೇ ಕೂತರು.

ಚಾವಡಿಯಲ್ಲಿ ತಲಾಠಿ ನಮ್ಮ ಮೂವರನ್ನೂ ಮೇಲಿಂದ ಕೆಳಗೆ ನೋಡಿದ. ನನ್ನ ಮೈಮೇಲೆ ಬನಿಯನ್ನು ಮಾತ್ರ, ಮೂವರಿಗೂ ಸೊಂಟದ ತನಕ ಕೆಸರು.

"ಮನ್ಯಾಗ ದೊಡ್ಡ ಗಂಡಸರು ಯಾರೂ ಇಲ್ಲೇನ್ರಿ ಆಯಿ?"

"ಇಬ್ಬರ ಅದಾರಪಾ" ಎಂದಳು ಆಯಿ. "ರುಮಾಲ ಕಾಯಾಕತ್ತಾರ."

ತಲಾಠಿ ಹೆಚ್ಚು ಕೇಳಲಿಲ್ಲ. ವರದಿ ಬರೆದುಕೊಂಡ. ಆಯಿ ಹೆಬ್ಬೆಟ್ಟು ಒತ್ತಿದಳು, ಮಾಮಿ ಸಹಿ ಮಾಡಿದಳು. ಸಾಕ್ಷಿಯ ಸಹಿ ನಾನು ಹಾಕಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಚಾವಡಿಯ ಗೋಡೆಗೆ ನೋಟೀಸು ಹಚ್ಚಿದ ಮೇಲೆ ಇಬ್ಬರು ಮಾಮಾಂದಿರೂ ಬೇರೆ ಬೇರೆ ತಕರಾರು ಕೊಟ್ಟರು. ಇಬ್ಬರೂ ಪುರಾವೆಯೆಂದು ಲಗತ್ತಿಸಿದ್ದು ಕುಡಚಿಯ ಫೋಟೋದವನು ಹೊಡೆದ ರುಮಾಲು ಸುತ್ತುವ ಫೋಟೋ. ವಿಚಾರಣೆಯ ದಿನ ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, "ಫೋಟೋ ಚಲೋ ಬಂದಾವು. ಮನ್ಯಾಗ ಕಟ್ಟ ಹಾಕಿಸಿ ಇಡ್ರಿ" ಎಂದು ಹಿಂದಿರುಗಿಸಿದರು. ಉತಾರಿನಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಆಯಿ ಮತ್ತು ಮಾಮಿಯ ಹೆಸರು ಬಂತು. ಕೆಲವು ವರ್ಷಗಳ ಮೇಲೆ ಆಯಿ ತನ್ನ ಅರ್ಧವನ್ನೂ ಮಾಮಿಗೆ ಬರೆದಿಟ್ಟು ಕಣ್ಣು ಮುಚ್ಚಿದಳು. ಈ ಸಲ ಪತ್ರವೂ ಇತ್ತು, ಸಾಕ್ಷಿಯೂ ಇದ್ದರು.

ಮಾಮಾಂದಿರು ಮಾತ್ರ ಆ ದಿನದ ಕಥೆಯನ್ನು ಬೇರೆಯೇ ರೀತಿ ಹೇಳುತ್ತಿದ್ದರು. ಹೊಳೆಯಲ್ಲಿ ತಾವು ರುಮಾಲು ಕೊಟ್ಟು ಹೆಂಗಸರ ಜೀವ ಉಳಿಸಿದೆವು, ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದು ಇದು, ಎಂದು. ನನ್ನ ವಿಷಯ ಬಂದರೆ, ಕಡೆಗೆ ಸಾಯಲು ಕೂತಿದ್ದವನು ಎನ್ನುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಾನು ಮಾಮಿಯ ಹೊಲಕ್ಕೆ ಒಮ್ಮೆ ಹೋದೆ. ಅವಳು ಅಲ್ಲೇ ಎರಡು ಖೋಲಿ ಕಟ್ಟಿಸಿಕೊಂಡಿದ್ದಳು. ಅಂಗಳದಿಂದ ಹೊಳೆ ಕಾಣುತ್ತದೆ ಎಂದು ನಾನು ಬೆನ್ನು ತಿರುಗಿಸಿ ಕೂತೆ. ಅವಳಿಗೆ ಅದು ಅರ್ಥವಾಯಿತು. ಚಹಾ ತಂದಳು. ಮೂಲೆಯಲ್ಲಿ ಹಾಲಿನ ಕ್ಯಾನು ಇತ್ತು. ದೊಡ್ಡ ಮಾಮಾನ ಮಗ ಬೆಳಿಗ್ಗೆ ಸೇತುವೆ ದಾಟಿ ಮೋಟಾರ್‌ಸೈಕಲ್ ಮೇಲೆ ತಂದುಕೊಟ್ಟು, 'ಕಾಕಿ, ಮೈ ಹುಷಾರ ಐತಿಲ್ಲ?' ಎಂದು ಕೇಳಿಹೋಗುತ್ತಾನಂತೆ. ನಡುವಿನ ಮಾಮಾನ ಮಗ ಪಂಪಿನ ಮೋಟರು ತಾನೇ ರಿಪೇರಿ ಮಾಡಿಸಿಕೊಟ್ಟಿದ್ದನಂತೆ. ಭಾವಂದಿರಿಬ್ಬರೂ ಈಗ ಅಂಗಳದ ಹೊರಗೆ ನಿಂತೇ ಅವಳ ಹೆಸರು ಹಿಡಿದು ಕೂಗುತ್ತಾರಂತೆ, ನಡುವೆ ಯಾರೂ ಬೇಕಿಲ್ಲ.

"ನನ್ನ ಹಿಂದ ಈ ಹೊಲ ಯಾರಿಗೆ ಹೋಗತೈತಪಾ?" ಎಂದು ಮಾಮಿ ಕೇಳಿದಳು.

ಬರೆಯದೆ ಹೋದರೆ ಗಂಡನ ಕಡೆಯ ವಾರಸುದಾರರಿಗೇ, ಅಂದರೆ ಅವರಿಗೇ ಹೋಗುತ್ತದೆ ಎಂದೆ. ಬರೆದರೆ ಯಾರಿಗೆ ಬರೆಯುತ್ತಾಳೋ ಅವರಿಗೆ. ಅವಳ ತಂಗಿಯರು ಇನ್ನೂ ನಿಪ್ಪಾಣಿಯ ವಖಾರಿಯಲ್ಲೇ ಇದ್ದುದು ನನಗೆ ಗೊತ್ತಿತ್ತು.

"ಹಂಗಾದ್ರ ನೀ ಇನ್ನೂ ಏನೂ ಬರದಿಟ್ಟಿಲ್ಲಾ ಮಾಮಿ?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಹೋದ ವರ್ಷನ ಬರದೀನಿ. ತಂಗ್ಯಾರಿಗೆ. ಯಾರಿಗೂ ಹೇಳಬ್ಯಾಡ. ಹೇಳಿದ್ರ ನಾಳೆಯಿಂದ ನನ್ನ ಯಾರ ಮಾತಾಡಿಸ್ತಾರ?"

ಅಷ್ಟರಲ್ಲಿ ಹೊಳೆ ದಾಟಿ ನಡುವಿನ ಮಾಮಾನ ಸೊಸೆ ರೊಟ್ಟಿಯ ಬುಟ್ಟಿ ಹಿಡಿದು ಬಂದಳು. ನನ್ನನ್ನು ನೋಡಿ ಹೊಸ್ತಿಲ ಮೇಲೇ ನಿಂತಳು. ಬುಟ್ಟಿ ಕೆಳಗಿಡಲಿಲ್ಲ.

"ಈ ವಕೀಲರು ಯಾಕ ಬಂದಾರ ಅತ್ತಿ?" ಎಂದು ಕೇಳಿದಳು.